ಅಣ್ಣ ಕೂತರೆ ಬರುವ ಸದ್ದು

ನಾನೊಬ್ಬನೇ ಓಡಿಸಿದರೆ ಅಪ್ಪನ ಕಾರು ತುಟಿಪಿಟಕ್ ಎನ್ನುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಅಣ್ಣ ಬಂದು ಕೂತರೆ ಸಾಕು, ಎಡಗಡೆಯ ಮುಂದಿನ ಚಕ್ರದ ಹತ್ತಿರ ಯಾರೋ ಸುತ್ತಿಗೆ ಹಿಡಿದು ಕಾದಿದ್ದವರ ಹಾಗೆ 'ಟಕ್, ಟಕ್' ಶುರುವಾಗುತ್ತಿತ್ತು. ಹಂಪ್ ಬಂದರೆ ಟಕ್, ಗುಂಡಿ ಬಂದರೆ ಟಕ್. ಹಿಂದಿನ ಸೀಟಿನ ಅಮ್ಮ ಪ್ರತಿ ಸಲವೂ 'ಶಿವಾ' ಎನ್ನುತ್ತಿದ್ದಳು. ಅಣ್ಣ ಕಿಟಕಿಯಾಚೆ ನೋಡುತ್ತಿದ್ದ. ನಾನು ಹಲ್ಲು ಕಚ್ಚಿಕೊಂಡು ಗೇರ್ ಬದಲಾಯಿಸುತ್ತಿದ್ದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಣ್ಣನ ಸಂಸಾರದ ಜೊತೆ ಒಂಟಿಕೊಪ್ಪಲಿನ ಮನೆಯಲ್ಲಿದ್ದಳು. ನಾನು ದಟ್ಟಗಳ್ಳಿಯಲ್ಲಿ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದ್ದೆ. ಕಾರು ಒಂಟಿಕೊಪ್ಪಲಿನಲ್ಲೇ ನಿಲ್ಲುತ್ತಿತ್ತು, ಆದರೆ ಅಣ್ಣನಿಗೆ ಓಡಿಸಲು ಬರುತ್ತಿರಲಿಲ್ಲ. ಅಮ್ಮ ಎಲ್ಲಿಗಾದರೂ ಹೋಗಬೇಕೆಂದರೆ ನಾನು ಸ್ಕೂಟರಿನಲ್ಲಿ ಬಂದು ಕಾರು ತೆಗೆಯುವುದು, ಅವನು ಪಕ್ಕದಲ್ಲಿ ಕೂರುವುದು. ನನಗೂ ಅವನಿಗೂ ಮಾತಿರಲಿಲ್ಲ. ಹಿರಿಯನಾದ ತನ್ನನ್ನು ಒಂದು ಮಾತು ಕೇಳದೆ ನಾನು ಗೃಹಪ್ರವೇಶಕ್ಕೆ ದಿನ ಗೊತ್ತುಮಾಡಿದೆನೆಂದು ಅವನ ಸಿಟ್ಟು. ಗಾರೆಯವನು, ಬಣ್ಣದವನು, ನಲ್ಲಿ ನೀರು ಎಲ್ಲ ಒಟ್ಟಿಗೆ ಕೂಡಿಬಂದ ವಾರದಲ್ಲಿ ನಾನು ಮನೆ ಹೊಕ್ಕೆ. ಅದರಲ್ಲಿ ನನ್ನ ತಪ್ಪೇನಿದೆ ಎಂಬುದು ಇವತ್ತಿಗೂ ನನ್ನ ವಾದ. ಅಣ್ಣ ಬಂದ, ಹೋಳಿಗೆಯನ್ನು ಕೇಳಿ ಹಾಕಿಸಿಕೊಂಡು ಉಂಡ, ಅಮ್ಮನ ಕಡೆ ತಿರುಗಿ "ಮನೆ ಚೆನ್ನಾಗದೆ ಅಂತ ಹೇಳಮ್ಮ ಅವರಿಗೆ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ. ಅಲ್ಲಿಂದಾಚೆಗೆ ನನಗೆ ಹೇಳಬೇಕಾದದ್ದನ್ನೆಲ್ಲ ಅಮ್ಮನಿಗೇ ಹೇಳುತ್ತಿದ್ದ. ನಾನು ಬಿಡುತ್ತೇನೆಯೇ? ನಾನೂ ಹಾಗೇ ಮಾಡಿದೆ.

ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತವರು ಯಾರೆಂದು ದನಿ ಕೇಳಿಯೇ ತಿಳಿಯಬೇಕಿತ್ತು. ಆದರೂ ಆಪರೇಷನ್ ಎಂದರೆ ಅವಳಿಗೆ ಜೀವ ಹಾರಿಹೋಗುತ್ತಿತ್ತು. ಒಂದು ಸಲ ಶ್ರಾವಣ ಎಂದು ಮುಂದಕ್ಕೆ ಹಾಕಿದಳು, ಇನ್ನೊಂದು ಸಲ ಯಾರದೋ ಮದುವೆ ಎಂದಳು. ಇನ್ನು ತಡಮಾಡಿದರೆ ಕಷ್ಟ ಎಂದು ಡಾಕ್ಟರು ಗದರಿಸಿ, ವಿಜಯದಶಮಿಯ ಮಾರನೆಯ ದಿನಕ್ಕೆ ಗೊತ್ತುಮಾಡಿದರು. ಆಪರೇಷನ್ ಆದ ಮೇಲೆ ಕೆಮ್ಮಬಾರದು, ಸೀನಬಾರದು, ಬೆಚ್ಚಿಬೀಳಬಾರದು ಎಂದೂ ಹೇಳಿದರು. ಅಮ್ಮನಿಗೆ ಅಷ್ಟೇ ಸಾಕಾಯಿತು.

"ಆ ಟಕ್ ಟಕ್ ಅನ್ನೋ ಗಾಡೀಲಿ ನಾನು ಬರಲ್ಲ ಕಣಪ್ಪ. ಟಕ್ ಅಂದಾಗೆಲ್ಲ ಎದೆ ಧಸಕ್ ಅಂತದೆ. ಕಣ್ಣಿನ ಹೊಲಿಗೆ ಬಿಚ್ಕೊಂಬುಟ್ರೆ? ಮೊದ್ಲು ಅದನ್ನ ನಿಲ್ಸು, ಆಮೇಲೆ ಮಿಕ್ಕಿದ್ದು."

"ಆಟೋದಲ್ಲಿ ಹೋಗೋಣ ಬಿಡಮ್ಮ."

"ಆಟೋನಾ? ಅದಕ್ಕಿಂತ ಈ ಕಣ್ಣೇ ವಾಸಿ."

ಅಮ್ಮನ 'ಆಮೇಲೆ' ಎಂಥದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ತಪ್ಪಿದರೆ ಅವಳು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಕಾರನ್ನು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ನನ್ನನ್ನು ಕೂರಿಸಿಕೊಂಡು ಒಂದು ರೌಂಡು ಹೊಡೆದು "ಏನೂ ಇಲ್ವಲ್ಲ ಸಾರ್" ಎಂದ. ಅವನೂ ನಾನೂ ಕಡ್ಡಿಪೈಲ್ವಾನರು. ಕಾರಿಗೆ ಬೇಕಿದ್ದದ್ದು ಅಣ್ಣನ ತೂಕ. "ಹಂಗಾದ್ರೆ ಅವ್ರನ್ನೂ ಕರ್ಕೊಂಬನ್ನಿ" ಎಂದ. ಕರೆದುಕೊಂಡು ಬರಬೇಕಾದರೆ ಮಾತಾಡಿಸಬೇಕಲ್ಲ! ಬದಲಿಗೆ ದಟ್ಟಗಳ್ಳಿಯ ಮನೆಯಿಂದ ಅಕ್ಕಿಮೂಟೆ ಹೊತ್ತು ತಂದು ಎಡಗಡೆಯ ಸೀಟಿನಲ್ಲಿ ಕೂರಿಸಿ, ಡಾಂಬರು ಕಾಣದ ನಮ್ಮ ಬಡಾವಣೆಯ ರಸ್ತೆಗಳನ್ನೆಲ್ಲ ಸುತ್ತಿಸಿದೆ. ಗೇಟಿನಲ್ಲಿ ನಿಂತಿದ್ದ ಹೆಂಡತಿ "ಅಕ್ಕಿಗೆ ಊರು ತೋರಿಸ್ತಿದೀರಾ?" ಎಂದು ನಕ್ಕಳು. ಅಕ್ಕಿಮೂಟೆ ಅಣ್ಣನಿಗೆ ಸಾಟಿಯಾಗಲಿಲ್ಲ. ಕಾರು ಉಸಿರೆತ್ತಲಿಲ್ಲ. ಅಷ್ಟರಲ್ಲಿ ಹಬ್ಬ ಬಂದು ಗ್ಯಾರೇಜುಗಳು ಬಾಗಿಲು ಹಾಕಿದವು.

ಇನ್ನು ನಾನೇ ಬಿಚ್ಚಿ ನೋಡುವುದೆಂದು ಆಯುಧಪೂಜೆಯ ಬೆಳಿಗ್ಗೆ ಒಂಟಿಕೊಪ್ಪಲಿಗೆ ಹೋದರೆ, ಅಪ್ಪನ ಸ್ಪ್ಯಾನರುಗಳು, ಜಾಕಿ, ಸುತ್ತಿಗೆ ಎಲ್ಲವೂ ದೇವರ ಮುಂದೆ ಬಾಳೆ ಎಲೆಯ ಮೇಲೆ ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ನಾನು ಕೈ ಚಾಚುವುದರೊಳಗೆ ಅಣ್ಣನ ದನಿ ಬಂತು.

"ನಾಳೆ ಬೆಳಿಗ್ಗೆವರೆಗೂ ಯಾರೂ ಮುಟ್ಟೋ ಹಾಗಿಲ್ಲ ಅಂತ ಹೇಳಮ್ಮ ಅವರಿಗೆ."

ಮೈಯೆಲ್ಲ ಉರಿದುಹೋಯಿತು. ವರ್ಷವಿಡೀ ಆ ಸ್ಪ್ಯಾನರುಗಳ ಮುಖ ನೋಡದವನು ಇವತ್ತು ಕಾವಲಿಗೆ ನಿಂತಿದ್ದಾನೆ! ಆದರೆ ಆ ದಿನ ಆಯುಧ ಮುಟ್ಟಬಾರದೆಂಬುದು ಅಪ್ಪ ಇದ್ದಾಗಿನಿಂದ ಬಂದದ್ದು, ನಾನೂ ಪಾಲಿಸಿದ್ದು. ಬಾಯಿ ಮುಚ್ಚಿಕೊಂಡು ಕಾರು ತೊಳೆದೆ. ಬಂಪರಿಗೆ ಬಾಳೆಕಂದು ಕಟ್ಟಿ, ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಅಣ್ಣ ಬೂದುಗುಂಬಳಕಾಯಿ ಒಡೆದ. "ಇಬ್ರೂ ಕೂತ್ಕೊಂಡು ಮುಂದಕ್ಕೆ ತಗೀರಪ್ಪ" ಎಂದಳು ಅಮ್ಮ. ಕೂತೆವು. ಕಾರು ನಿಂಬೆಹಣ್ಣು ಹತ್ತಿ ಇಳಿಯಿತು. ಟಕ್.

"ಇನ್ನೂ ಅದೆಯಲ್ಲೋ!" ಜಗುಲಿಯಿಂದ ಅಮ್ಮ ಕೂಗಿದಳು. ಆ ದನಿಯಲ್ಲಿ ನನಗೆ ಕಂಡದ್ದು ಗಾಬರಿಯಲ್ಲ, ಸಮಾಧಾನ.

ಆಯುಧ ಮುಟ್ಟಬಾರದು, ಸರಿ. ಕೈ ಆಯುಧವಲ್ಲವಲ್ಲ. ಕಾರನ್ನು ಅಂಗಳಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟೆ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದಾಗ ಎಡಚಕ್ರದ ಹಿಂದೆ ತೋಳು ತೂರುವಷ್ಟು ಜಾಗವಾಯಿತು. ಗೋಣಿಚೀಲ ಹಾಸಿ ಮಗ್ಗುಲಾಗಿ ಮಲಗಿ ಕೈ ಒಳಗಿಟ್ಟೆ. ಸೀಟಿನ ಮೇಲೆ ತೂಕ ಬಿದ್ದಾಗ ಯಾವ ಕೀಲು ಬಡಿಯುತ್ತದೋ ಅದು ಬೆರಳಿಗೆ ತಿಳಿಯಲೇಬೇಕು. ಆದರೆ ತೂಕ ಹಾಕುವವನು ಅಣ್ಣ, ಅವನಿಗೆ ಹೇಳುವವಳು ಅಮ್ಮ.

"ಕೂರೋಕೆ ಹೇಳಮ್ಮ."

"ಕೂತ್ಕೋಬೇಕಂತೆ ಕಣಪ್ಪ."

"ಕೂತಿದೀನಿ ಅಂತ ಹೇಳಮ್ಮ."

"ಕೂತವ್ನಂತೆ ಕಣೋ."

ನನ್ನ ತಲೆಗೂ ಅವನ ಮೊಣಕಾಲಿಗೂ ನಡುವೆ ಇದ್ದದ್ದು ಒಂದು ಬಾಗಿಲು. ಅವನ ಏದುಸಿರು ಕೂಡ ನನಗೆ ಕೇಳುತ್ತಿತ್ತು. ಆದರೂ ಮಾತು ಜಗುಲಿಗೆ ಹೋಗಿ, ಅಲ್ಲಿ ಸ್ವಲ್ಪ ದಣಿವಾರಿಸಿಕೊಂಡು ವಾಪಸ್ಸು ಬರಬೇಕಿತ್ತು. ಅದು ಬರುವಷ್ಟರಲ್ಲಿ ನನ್ನ ಕೈ ಬೇರೆ ಕೀಲಿಗೆ ಹೋಗಿರುತ್ತಿತ್ತು, ಟಕ್ ಇನ್ನೆಲ್ಲೋ ಆಗಿಹೋಗಿರುತ್ತಿತ್ತು. ಶಾಕ್ ಅಬ್ಸಾರ್ಬರ್ ಹಿಡಿದೆ, ಅದಲ್ಲ. ಚಕ್ರದ ಬುಡದ ಗುಂಡುಕೀಲು ಹಿಡಿದೆ, ಅದೂ ಅಲ್ಲ. ಬೆವರು ಕಣ್ಣಿಗಿಳಿಯಿತು. ಅಷ್ಟರಲ್ಲಿ ಒಳಗೆ ಒಬ್ಬಟ್ಟು ಸೀಯುವ ವಾಸನೆ ಬಂದು ಅಮ್ಮ ಗೋಡೆ ಸವರಿಕೊಂಡು ಅಡುಗೆಮನೆಗೆ ಹೊರಟುಬಿಟ್ಟಳು.

ನಾನು ಕೆಳಗೆ, ಅಣ್ಣ ಮೇಲೆ. ಹೇಳುವವರಿಲ್ಲ. ಎದ್ದು ಹೋಗಿಬಿಡಲೇ ಎನಿಸಿತು. ಹಾಗೆ ಎದ್ದಿದ್ದರೆ ಅಮ್ಮನ ಕಣ್ಣಿನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆಗ, ಯಾರೂ ಹೇಳದೆಯೇ, ಸೀಟು ಕಿರ್ ಎಂದಿತು. ಅಣ್ಣ ಎದ್ದು ಮತ್ತೆ ಕೂತ. ಮತ್ತೆ ಎದ್ದ, ಮತ್ತೆ ಕೂತ. ಒಂದೇ ಹದದಲ್ಲಿ, ಅಷ್ಟು ದೊಡ್ಡ ದೇಹವನ್ನು ಎತ್ತಿ ಇಳಿಸುತ್ತಲೇ ಇದ್ದ. ನಾನು ಆ ಹದಕ್ಕೆ ಸರಿಯಾಗಿ ಕೈ ಸರಿಸುತ್ತ ಹೋದೆ. ಎರಡು ಮುಂದಿನ ಚಕ್ರಗಳ ನಡುವೆ ಅಡ್ಡಲಾಗಿ ಹೋಗುವ ಉಕ್ಕಿನ ಸರಳೊಂದಿದೆ. ಅದನ್ನು ಬಿಗಿಹಿಡಿದ ಕಬ್ಬಿಣದ ಪಟ್ಟಿ, ನಡುವೆ ಬುಷ್ ಎನ್ನುವ ರಬ್ಬರ್ ಬಳೆ. ಆ ರಬ್ಬರು ಸವೆದು ಒಳಗೆ ಜಾಗ ಬಿಟ್ಟಿತ್ತು. ಭಾರ ಬಿದ್ದರೆ ಸರಳು ಎದ್ದು ಪಟ್ಟಿಗೆ ಬಡಿಯುತ್ತಿತ್ತು. ಟಕ್ ಎಂದದ್ದು ಕಿವಿಗಿಂತ ಮೊದಲು ನನ್ನ ಬೆರಳಿಗೆ ಕೇಳಿಸಿತು.

'ಸಿಕ್ತು ಅಣ್ಣ' ಎಂಬುದು ಬಾಯಿವರೆಗೂ ಬಂತು. ನುಂಗಿಕೊಂಡು ಬಾಗಿಲನ್ನು ತಟ್ಟಿದೆ. ಅವನು ಕುಣಿಯುವುದನ್ನು ನಿಲ್ಲಿಸಿದ. ಅಮ್ಮ ಹೊರಗೆ ಬಂದ ಮೇಲೆ "ಸಿಕ್ತು, ರಬ್ಬರ್ ಸವೆದುಹೋಗಿದೆ ಅಂತ ಹೇಳಮ್ಮ" ಎಂದೆ. "ಗೊತ್ತಾಯ್ತು ಅಂತ ಹೇಳಮ್ಮ" ಎಂದ ಅವನು, ಮುಖ ಒರೆಸಿಕೊಳ್ಳುತ್ತ.

ಆ ರಾತ್ರಿ ನಿದ್ದೆ ಎಲ್ಲಿ ಬರಬೇಕು? ಮಾರನೆಯ ದಿನ ದಸರಾ ಮೆರವಣಿಗೆಗೆ ಬನ್ನಿಮಂಟಪದ ಕಡೆಯ ರಸ್ತೆಗಳನ್ನೆಲ್ಲ ಕಟ್ಟುವ ಮೊದಲೇ ಒಂಟಿಕೊಪ್ಪಲು ಸೇರಿದೆ. ಅಣ್ಣ ಆಗಲೇ ಮಂಗಳಾರತಿ ಮಾಡಿ ಸ್ಪ್ಯಾನರುಗಳನ್ನು ತಂದು ಕಾರಿನ ಪಕ್ಕದಲ್ಲಿಟ್ಟಿದ್ದ, ಕುಂಕುಮ ಸಮೇತ. ಅವುಗಳ ಪಕ್ಕದಲ್ಲಿ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳು, ಒಂದೇ ಅಗಲಕ್ಕೆ ಕತ್ತರಿಸಿದವು. ಅಂಗಡಿಗಳು ತೆರೆಯುವ ಹಾಗಿರಲಿಲ್ಲ, ಹೊಸ ಬುಷ್ ಸಿಗುವ ಹಾಗಿರಲಿಲ್ಲ. ಇವೆಲ್ಲ ನಾನು ಹೇಳದೆ ಅವನಿಗೆ ಹೊಳೆದದ್ದು ನೋಡಿ ಒಂದು ಗಳಿಗೆ ಕೋಪವೇ ಬಂತು, ಆಮೇಲೆ ಟ್ಯೂಬಿನ ಪಟ್ಟಿಯೊಂದನ್ನು ಎತ್ತಿ ಎಳೆದು ನೋಡಿದೆ. ಕಬ್ಬಿಣದ ಪಟ್ಟಿ ಬಿಚ್ಚಿ, ಸರಳಿಗೆ ಟ್ಯೂಬನ್ನು ಬಿಗಿಯಾಗಿ ಸುತ್ತಿ, ಹಳೆಯ ರಬ್ಬರನ್ನು ಅದರ ಮೇಲೆ ಕೂರಿಸಿ ಬೋಲ್ಟು ಬಿಗಿದೆ. ಅಣ್ಣನನ್ನು ಕೂರಿಸಿಕೊಂಡು ನಮ್ಮ ಬೀದಿಯ ಹಂಪುಗಳನ್ನೆಲ್ಲ ದಾಟಿ ಬಂದೆ. ಸದ್ದಿಲ್ಲ. ಅಮ್ಮ ಜಗುಲಿಯ ಮೇಲೆ ಕಿವಿಯಾನಿಸಿ ಕೂತಿದ್ದಳು. ಅವಳ ಮುಖ ಇಳಿದುಹೋಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಒಂದು ರಾತ್ರಿ ಇಟ್ಟುಕೊಂಡು ಮನೆಗೆ ಕಳಿಸಿದರು. ಒಂದು ಕಣ್ಣಿಗೆ ಹತ್ತಿಯಿಟ್ಟು ಕಟ್ಟಿದ್ದರು, ಇನ್ನೊಂದರಲ್ಲಿ ಪೊರೆ ಹಾಗೇ ಇತ್ತು. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿಸಿದೆವು. ಅಣ್ಣ ಪಕ್ಕದಲ್ಲಿ ಕೂತ. ದಸರಾಕ್ಕೆಂದು ನೆಟ್ಟಿದ್ದ ಬೊಂಬುಗಳನ್ನು ಕಿತ್ತು ರಸ್ತೆಯುದ್ದಕ್ಕೂ ಗುಂಡಿ ಬಿಟ್ಟಿದ್ದರು. ಒಂದೊಂದನ್ನೂ ಹುಷಾರಾಗಿ ಇಳಿಸಿ ಹತ್ತಿಸಿದೆ. ಕಾರು ತೆಪ್ಪಗೆ ಹೋಯಿತು. ನಾವಿಬ್ಬರೂ ತೆಪ್ಪಗಿದ್ದೆವು.

ಒಂಟಿಕೊಪ್ಪಲು ಹತ್ತಿರವಾದಾಗ ಹಿಂದಿನಿಂದ ಅಮ್ಮನ ದನಿ ಬಂತು.

"ಸದ್ದು ನಿಂತೇ ಹೋಯ್ತಲ್ಲ."

ಅಣ್ಣ ಕಿಟಕಿಯಾಚೆ ನೋಡುತ್ತಿದ್ದ. ನಾನು ಗೇರ್ ಬದಲಾಯಿಸಿದೆ.

"ಅದೊಂದು ಟಕ್ ಅಂತಿತ್ತು. ಅದು ಟಕ್ ಅಂದ್ರೆ ನೀವಿಬ್ರೂ ಗಾಡೀಲಿ ಅವ್ರೆ ಅಂತ ನಂಗೆ ಗೊತ್ತಾಯ್ತಿತ್ತು. ಈಗ ಅದನ್ನೂ ನಿಲ್ಸಿಬುಟ್ರಿ, ಕಣ್ಣೂ ಕಟ್ಬುಟ್ಟವ್ರೆ. ಯಾರಾದ್ರೂ ಒಂದು ಮಾತಾಡ್ರಪ್ಪ. ಇದೀರೋ ಇಲ್ವೋ ಅಂತ ನಾನು ಎಂಗೆ ತಿಳ್ಕೊಳ್ಲಿ?"

ಅಣ್ಣ ಗಂಟಲು ಸರಿಮಾಡಿಕೊಂಡ. ಕಿಟಕಿಯಿಂದ ಮುಖ ತಿರುಗಿಸಿ, ನೇರ ನನಗೇ ಹೇಳಿದ.

"ಮುಂದೆ ಗುಂಡಿ ಅದೆ ಕಣೋ. ನಿಧಾನ."

"ನೋಡ್ದೆ ಅಣ್ಣ" ಎಂದೆ.

ಮುಂದೆ ರಸ್ತೆ ಸಪಾಟಾಗಿತ್ತು. ಆದರೂ ಬ್ರೇಕ್ ಒತ್ತಿ ಕಾರನ್ನು ನಿಧಾನ ಮಾಡಿದೆ.