ಕಣ್ಣೆದುರೇ ಬಿಚ್ಚಿಸಿದ ಫೋನು

ನಮ್ಮ ಓನರ್ ಆಂಟಿಯ ಬಲಗೈ ಹೆಬ್ಬೆರಳಿನ ಗಿಣ್ಣಿನ ಮೇಲೆ ಕಡಲೆಕಾಳಿನಷ್ಟು ದಪ್ಪದ ಗಂಟೊಂದಿತ್ತು. ಗ್ಯಾಸ್ ಸಿಲಿಂಡರ್ ಬಂದರೆ ಆ ಹೆಬ್ಬೆರಳಿನಿಂದಲೇ ಸೀಲು ಒತ್ತಿ ನೋಡುತ್ತಿದ್ದರು. ಟೊಮೆಟೊ ಆದರೂ ಅಷ್ಟೇ, ನೀರಿನ ಕ್ಯಾನಿನ ಮುಚ್ಚಳವಾದರೂ ಅಷ್ಟೇ. ಬಾಡಿಗೆ ಮನೆ ಕೇಳಿಕೊಂಡು ಹೋದ ನನ್ನನ್ನು ಪುಣ್ಯಕ್ಕೆ ಒತ್ತಿ ನೋಡಲಿಲ್ಲ. 'ಗದಗ ಅಂತೀಯ. ಅಲ್ಲಿ ಯಾರಿದಾರೆ? ನಂಬರ್ ಕೊಡು' ಎಂದು ನನ್ನೆದುರೇ ಅಣ್ಣನಿಗೆ ಫೋನ್ ಮಾಡಿ, ಆಮೇಲೆ ಬೀಗದ ಕೈ ಕೊಟ್ಟರು. ಜರಗನಹಳ್ಳಿಯಲ್ಲಿ ಹಿಂದೆ ಅವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಎದ್ದಿದ್ದ ಕಟ್ಟಡದ ಮೇಲಿನ ಕೋಣೆ ನನ್ನದಾಯಿತು.

ಅವರಿಗೆ ಲೋಕದ ಮೇಲೆ ಅನುಮಾನ, ನನಗೆ ಅವರ ಮೇಲೆ. ಗೇಟು ಸದ್ದಾದರೆ ಕೆಳಗಿನ ಕಿಟಕಿಯ ಪರದೆ ಅಲುಗುತ್ತಿತ್ತು. ಭಾನುವಾರಗಳಂದು ಅಣ್ಣ ಅವರಿಗೆ ಫೋನ್ ಮಾಡಿ ನನ್ನ ಬಗ್ಗೆ ವಿಚಾರಿಸುತ್ತಾನೆಂದು ಗೊತ್ತಾದ ಮೇಲಂತೂ ಮೆಟ್ಟಿಲಿನ ಮೇಲೆ ಕಳ್ಳಹೆಜ್ಜೆ ಇಡುತ್ತಿದ್ದೆ. ಆಫೀಸಿನ ಒಬ್ಬ ಹುಡುಗನನ್ನು ಮದುವೆಯಾಗುವುದೆಂದು ಆಗ ನಿಶ್ಚಯಿಸಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಸುದ್ದಿ ಬೇರೆಯವರ ಬಾಯಿಂದ ಹೋದರೆ ಅಣ್ಣ ಮರುದಿನವೇ ಬಂದು ನನ್ನನ್ನು ಊರಿಗೆ ಎಳೆದೊಯ್ಯುತ್ತಿದ್ದ. ಕೆಲಸವೂ ಹೋಗುತ್ತಿತ್ತು, ಹುಡುಗನೂ ಹೋಗುತ್ತಿದ್ದ.

ಇಂಥ ಹೊತ್ತಿನಲ್ಲಿ, ತಾರಸಿಯಲ್ಲಿ ಬಟ್ಟೆ ಹರವುವಾಗ ನನ್ನ ಫೋನ್ ಜಾರಿ ಸೀದಾ ಅಂಗಳದಲ್ಲಿದ್ದ ಆಂಟಿಯ ಕಾಲ ಬಳಿಯೇ ಬಿತ್ತು. ರಿಂಗಾಗುತ್ತಿತ್ತು, ಡಿಸ್‌ಪ್ಲೇ ಮಾತ್ರ ಪುಡಿಪುಡಿ, ಪೂರ್ತಿ ಕಪ್ಪು. ಹೊಸ ಡಿಸ್‌ಪ್ಲೇ ಹಾಕಿದ ಕೂಡಲೇ ಮೊದಲು ಮೂಡುವುದು ಯಡಿಯೂರು ಕೆರೆಯ ಹತ್ತಿರ ಕೆನ್ನೆಗೆ ಕೆನ್ನೆ ತಾಗಿಸಿ ನಾವಿಬ್ಬರೂ ತೆಗೆದುಕೊಂಡ ಫೋಟೊ.

'ಒಬ್ಳೇ ಹೋಗ್ಬೇಡ. ಒಳಗಿಂದೆಲ್ಲ ಬಿಚ್ಕೊಂಡು ಡೂಪ್ಲಿಕೇಟ್ ಹಾಕ್ಬಿಡ್ತಾರೆ. ನಾನೂ ಬರ್ತೀನಿ' ಎಂದರು ಆಂಟಿ.

'ಬ್ಯಾಡ್ರಿ ಆಂಟಿ, ನಿಮಗ್ಯಾಕ ತ್ರಾಸು?'

'ಯಾಕೆ ಬೇಡ?'

ಅವರ ಕಣ್ಣು ಕಿರಿದಾದದ್ದು ನೋಡಿ ಚಪ್ಪಲಿ ಮೆಟ್ಟಿದೆ.

ಜಯನಗರ ಫೋರ್ತ್ ಬ್ಲಾಕಿನ ಅಂಗಡಿಯವನು, 'ಪಾಸ್‌ವರ್ಡ್ ಬರ್ದಿಟ್ಟು ಹೋಗಿ ಮೇಡಂ, ಸಂಜೆ ಬನ್ನಿ' ಎಂದ. ಆಂಟಿ ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟರು.

'ಇಲ್ಲೇ ಬಿಚ್ಚಪ್ಪ, ನಮ್ಮೆದುರಿಗೇ.'

'ಏನ್ ಆಂಟಿ, ನಂಬಿಕೆ ಇಲ್ವಾ?' ಅವನು ಮುಖ ಗಂಟಿಕ್ಕಿದ.

'ಇಲ್ಲ ಕಣಪ್ಪ. ಬೇಜಾರ್ ಮಾಡ್ಕೋಬೇಡ. ಇದೇ ಜಯನಗರದಲ್ಲಿ ಮನೆಮನೆ ಬಾಗಿಲಿಗೆ ಹಸು ಹೊಡ್ಕೊಂಡ್ ಬಂದು ಹಾಲು ಕರೀತಿದ್ದೋಳು ನಾನು. ಮೊದ್ಲು ಖಾಲಿ ತಂಬಿಗೆ ಬೋರಲು ಮಾಡಿ ತೋರಿಸ್ಬೇಕಿತ್ತು, ನೀರಿಲ್ಲ ಅಂತ. ಆಮೇಲೆ ಅವರೆದುರಿಗೇ ಕರೀಬೇಕು. ದಿನಾ ತೋರಿಸ್ದೆ. ನನ್ ಮಾನವೇನೂ ಹೋಗ್ಲಿಲ್ಲ. ನೀನೂ ತೋರ್ಸು.'

ಹೆಬ್ಬೆರಳಿನ ಗಂಟು ಹಾಲು ಕರೆದೂ ಕರೆದೂ ಎದ್ದದ್ದೆಂದು ನನಗೆ ಆಗ ತಿಳಿಯಿತು. ಅಂಗಡಿಯವನಿಗೆ ನಗು ಬಂತು. ಹೊಸ ಡಿಸ್‌ಪ್ಲೇ ಡಬ್ಬಿಯನ್ನೂ ನಮ್ಮೆದುರೇ ಒಡೆದು, ಒಂದೊಂದೇ ಸ್ಕ್ರೂ ಬಿಚ್ಚಿ ಬಟ್ಟಲಿಗೆ ಹಾಕಿದ. ಆಂಟಿ ರೆಪ್ಪೆ ಬಡಿಯಲಿಲ್ಲ. ಹಣ ಕೊಟ್ಟು ರಿಪೇರಿಗೆ ಬಂದು, ಇದು ರಿಪೇರಿಯಾಗದಿರಲಿ ದೇವರೇ ಎಂದು ಬೇಡಿಕೊಂಡ ಗಿರಾಕಿ ಆ ಅಂಗಡಿಯಲ್ಲಿ ನಾನೊಬ್ಬಳೇ ಇರಬೇಕು.

ಡಿಸ್‌ಪ್ಲೇ ಹತ್ತಿತು. ನಾವಿಬ್ಬರೂ ಹಲ್ಲು ಕಿರಿದುಕೊಂಡು ಮೂಡಿದೆವು.

'ಸಖತ್ ಫೋಟೊ ಮೇಡಂ' ಎಂದು ಅಂಗಡಿಯವನು ಬಗ್ಗಿದ. ಆಂಟಿ ಫೋನನ್ನು ತಟ್ಟನೆ ಬೋರಲು ಮಾಡಿ ನನ್ನ ಕೈಗಿಟ್ಟರು.

'ಗ್ಲಾಸು ಹಾಕಿದ್ದು ನೋಡಾಯ್ತು. ಒಳಗಿರೋದು ಅವಳ್ದು. ನಿಂಗ್ಯಾಕೆ?'

ಬಸ್ಸಿನಲ್ಲಿ ಆಂಟಿ ಟೊಮೆಟೊ ರೇಟಿನ ಮಾತಾಡಿದರು, ಫೋಟೊದ ಸುದ್ದಿ ಎತ್ತಲಿಲ್ಲ. ಬೈದಿದ್ದರೆ ವಾಸಿಯಿತ್ತು. ಭಾನುವಾರ ಆಂಟಿಗೆ ಅಣ್ಣನ ಫೋನ್ ಬಂದಾಗ ಮೆಟ್ಟಿಲಲ್ಲೇ ಕಿವಿಗೊಟ್ಟು ನಿಂತೆ.

'ಫೋನ್ ಒಡ್ದಿತ್ತಪ್ಪ, ಸರಿ ಮಾಡಿಸ್ದೆ. ಹುಡುಗಿ ಚೆನ್ನಾಗಿದಾಳೆ' ಎಂದು ಫೋನ್ ಇಟ್ಟರು. ಆಮೇಲೆ ತಲೆಯೆತ್ತದೆಯೇ ಹೇಳಿದರು: 'ಅಲ್ಲಿ ನಿಂತಿರೋದು ಗೊತ್ತು ಕಣೇ. ಆ ಹುಡುಗನ್ನ ಕರ್ಕೊಂಡ್ ಬಾ. ನೋಡ್ದೇನೆ ನಾನು ಯಾರನ್ನೂ ಒಪ್ಪಲ್ಲ.'

ಕರೆತಂದೆ. ಪೊಲೀಸರೂ ಕೇಳದಷ್ಟು ಪ್ರಶ್ನೆ ಕೇಳಿದರು. ಅವನ ಅಮ್ಮನಿಗೆ ಅವನೆದುರೇ ಫೋನ್ ಮಾಡಿದರು. ಪಾಪ, ಅವನು ಕಾಫಿ ಲೋಟ ಹಿಡಿದುಕೊಂಡೇ ಬೆವತ. ಮುಂದೆ ನಾನೇ ಧೈರ್ಯ ಮಾಡಿ ಮನೆಯಲ್ಲಿ ಹೇಳಿದಾಗ, ಅಣ್ಣ ಕೆಂಡವಾಗಿ ಬಂದು ಮೊದಲು ಕೂತದ್ದು ಆಂಟಿಯ ಜಗಲಿಯಲ್ಲಿ.

'ಇಂಥಾವನ್ನ ಹೆಂಗ ನಂಬೂದ್ರಿ?'

'ನಾನು ನೋಡಿದೀನಪ್ಪ. ಹುಡುಗಿ ಕೊಡ್ಬಹುದು.'

ಯಾರನ್ನೂ ನಂಬದವರ ಮಾತೆಂದೇ ಅಣ್ಣ ಅದನ್ನು ನಂಬಿದ.

ನಮ್ಮ ಮದುವೆ ನೋಡಲು ಆಂಟಿ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಲು ಹೋದಾಗ ನರ್ಸ್ ಕೊಟ್ಟ ಮಾತ್ರೆಯನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಕೂತಿದ್ದರು. ಅವರ ಮಕ್ಕಳು ಹೇಳಿದರೂ ನುಂಗಿರಲಿಲ್ಲ. ನನ್ನ ಕೈಗೆ ಆ ಮಾತ್ರೆಯ ವಿವರದ ಹಾಳೆ ಕೊಟ್ಟು, 'ಓದಮ್ಮ' ಅಂದರು. ಓದಿದೆ. 'ಛಲೋ ಐತ್ರಿ ಆಂಟಿ, ತಗೋರಿ' ಅಂದೆ. ಮತ್ತೆ ಏನೂ ಕೇಳದೆ ನುಂಗಿ, ನೀರು ಕುಡಿದರು.