ಕಲ್ಲಿನಲ್ಲಿದ್ದ ಮಗಳು

ಟೀಚರ ಬಲಗೈಯ ತೋರುಬೆರಳಿನ ತುದಿ ಸವೆದು ನುಣ್ಣಗಾಗಿತ್ತು. ನಲವತ್ತು ವರ್ಷ ಶಾಸನಗಳ ಅಕ್ಷರ ತಡವಿದ ಬೆರಳು ಅದು. ಮನೆಮಾತು ಕೊಂಕಣಿ. ಭಾನುವಾರ ಇಗರ್ಜಿಯಿಂದ ಹೊರಬಂದವರೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಳಗನ್ನಡದ ಕಲ್ಲುಗಳನ್ನು ಹುಡುಕಿ ಬಸ್ಸು ಹತ್ತುತ್ತಿದ್ದರು. ನಾನು ಅವರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದಾಗ ಅವರ ಪುಸ್ತಕವೇ ನಮಗೆಲ್ಲ ಆಧಾರ.

ಆ ಪುಸ್ತಕದಲ್ಲಿ ನಮ್ಮ ಕೇರಳದ ಗಡಿಯ ದೇಲಂಪಾಡಿ ಕಡೆಯ ಶಾಸನವೊಂದಿತ್ತು. ಊರಿಗೆ ಕೆರೆ ಕಟ್ಟಿಸಿದವನು ಒಬ್ಬ ಅಧಿಕಾರಿಯ ಮಗ ಎಂದು ಟೀಚರು ಓದಿದ್ದರು. ಫೋಟೋ ತೆಗೆಯಲು ಹೋದ ನಾನು ಪಾಚಿ ಉಜ್ಜಿ ತೊಳೆದಾಗ ‘ಮಗ’ದ ಪಕ್ಕದಲ್ಲಿ, ಚಕ್ಕೆ ಎದ್ದ ಅಂಚಿಗೆ, ‘ಳ್’ ಕಂಡಿತು. ಕೆರೆ ಕಟ್ಟಿಸಿದವಳು ಮಗಳು.

ಹೇಳಲು ಧೈರ್ಯ ಬರದೆ ಎರಡು ವಾರ ಕಳೆದೆ. ಕೊನೆಗೆ ಫೋಟೋವನ್ನು ಅವರ ಮೇಜಿನ ಮೇಲಿಟ್ಟೆ. ಮರುದಿನ ಟೀಚರು ನನ್ನನ್ನೂ ಕರೆದುಕೊಂಡು ಕಲ್ಲಿನ ಹತ್ತಿರ ಹೋಗಿ, ಕಣ್ಣು ಮುಚ್ಚಿ ಆ ಅಕ್ಷರದ ಮೇಲೆ ಬೆರಳಾಡಿಸಿದರು.

“ಕೆರೆ ಕಟ್ಟಿಸುವುದು ಗಂಡಸೇ ಅಂತ ಮೊದಲೇ ತೀರ್ಮಾನ ಮಾಡಿ ಬಂದಿದ್ದೆ. ಕಲ್ಲನ್ನು ಓದಲೇ ಇಲ್ಲ ಮಾರಾಯ್ತಿ,” ಎಂದರು.

ಮುಂದಿನ ತಿಂಗಳ ವಿಚಾರಸಂಕಿರಣದಲ್ಲಿ ಇದನ್ನು ತಾವೇ ಹೇಳುವುದಾಗಿ ಟೀಚರು ತಿಳಿಸಿದಾಗ ವಿಭಾಗದ ಮುಖ್ಯಸ್ಥರು ಗಾಬರಿಯಾದರು. ಕೇರಳದಲ್ಲಿ ಕನ್ನಡ ವಿಭಾಗ ಉಳಿಯುವುದೇ ಕಷ್ಟ, ಅಂಥದ್ದರಲ್ಲಿ ನಮ್ಮ ಪುಸ್ತಕವನ್ನು ನಾವೇ ತಪ್ಪೆಂದರೆ ಹೇಗೆ, ಮುಂದಿನ ಮುದ್ರಣದಲ್ಲಿ ಸದ್ದಿಲ್ಲದೆ ತಿದ್ದಿದರಾಯಿತು ಎಂದರು.

“ತಪ್ಪು ಓದುವಾಗ ಊರಿಗೆಲ್ಲ ಕೇಳುವ ಹಾಗೆ ಓದಿದ್ದೇನೆ,” ಎಂದರು ಟೀಚರು. “ತಿದ್ದುವಾಗ ಎಂತಕ್ಕೆ ಪಿಸುಗುಟ್ಟಬೇಕು?”

ವಿಚಾರಸಂಕಿರಣದ ದಿನ ವೇದಿಕೆಯಲ್ಲಿ ತಮ್ಮ ಪುಸ್ತಕದ ಪುಟ ತೆರೆದು ತಪ್ಪನ್ನು ಓದಿದರು, ಆಮೇಲೆ ಸರಿಯನ್ನು. ಕಂಡುಹಿಡಿದವಳು ಇವಳು ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆ ವರ್ಷ ಅವರಿಗೆ ಬರುತ್ತದೆಂದು ಎಲ್ಲರೂ ಹೇಳುತ್ತಿದ್ದ ಪ್ರಶಸ್ತಿ ಬೇರೆಯವರ ಪಾಲಾಯಿತು. ಟೀಚರು ಮಾತ್ರ ಹಳೆಯ ಟಿಪ್ಪಣಿಗಳನ್ನೆಲ್ಲ ಹೊರಗೆಳೆದು, ಓದಿದ್ದ ಒಂದೊಂದು ಕಲ್ಲಿಗೂ ಮತ್ತೆ ಹೋದರು. ಮಂಡಿನೋವಿದ್ದವರು, ಗುಡ್ಡಗಳನ್ನು ಕೋಲೂರಿ ಹತ್ತಿದರು. ಇನ್ನೂ ಏಳು ತಪ್ಪು ಸಿಕ್ಕಿದವು. ಏಳನ್ನೂ ಮೊದಲಿನದರ ಜೊತೆ ಪಟ್ಟಿ ಮಾಡಿ ಅಚ್ಚು ಹಾಕಿಸಿದರು.

ಹೋದ ವರ್ಷ ತೀರಿಕೊಂಡರು. ಪುಸ್ತಕವನ್ನು ಮರುಮುದ್ರಿಸಲು ಮುಂದೆ ಬಂದ ಪ್ರಕಾಶಕರು, ಆ ತಪ್ಪುಗಳ ಪಟ್ಟಿ ಬೇಡ, ತೀರಿಹೋದವರ ಮರ್ಯಾದೆಯ ಪ್ರಶ್ನೆ ಎಂದರು. ಕರಡು ನೋಡುವ ಕೆಲಸ ನನ್ನದಾಗಿತ್ತು. ಪಟ್ಟಿ ಇಲ್ಲದಿದ್ದರೆ ಕರಡು ನಿಮ್ಮ ಕೈಗೆ ಬರುವುದಿಲ್ಲ ಎಂದೆ. ಈಗ ಪುಸ್ತಕ ತೆರೆದರೆ ಮೊದಲು ಸಿಗುವುದು ಆ ಪಟ್ಟಿಯೇ.