ಅಳತೆ ಕೊಡದವಳ ಫ್ರಾಕು

ಮೊದಲ ಗಂಡಹೆಂಡತಿ ಅಂಜೂರದ ಎಲೆ ಹೊಲಿದು ಉಟ್ಟುಕೊಂಡರು ಎಂದು ಸತ್ಯವೇದದಲ್ಲಿ ಓದುವಾಗ ಬೇರೆಯವರಿಗೆ ಪಾಪದ ನೆನಪಾಗುತ್ತದೆ. ಬೀದಿಯವರೆಲ್ಲ ಚಿಕ್ಕಮ್ಮ ಎಂದೇ ಕರೆಯುವ ದರ್ಜಿಗೆ ಮಾತ್ರ ದಾರದ ನೆನಪಾಗುತ್ತಿತ್ತು.

"ದಾರ ಎಲ್ಲಿಂದ ಬಂತಕ್ಕಾ? ಎಲೆಗೆ ಸೂಜಿ ಚುಚ್ಚಿದ್ರೆ ಹರಿಯಲ್ವಾ?"

ಎದುರು ಮೆಷಿನ್ನಿನಲ್ಲಿ ಕೂತ ಅಕ್ಕ ತಲೆ ಎತ್ತುತ್ತಲೂ ಇರಲಿಲ್ಲ. "ಮೊದಲು ಆ ಕಾಲರ್ ಮುಗಿಸು. ಎಲೆಯವರು ಕಾಯ್ತಾರೆ, ಗಿರಾಕಿ ಕಾಯಲ್ಲ."

ಇಂಥ ಪ್ರಶ್ನೆಗಳಿಗೆ ಒಂದು ನೆಲೆ ಸಿಕ್ಕಿದ್ದು, ಸಭೆಯ ಪಾದ್ರಿ ಅಂಗಡಿಯ ಹಳೆ ಕಂಪ್ಯೂಟರಿಗೆ ಸತ್ಯವೇದ ಓದುವ ಸಾಫ್ಟ್‌ವೇರ್ ಹಾಕಿಕೊಟ್ಟ ಮೇಲೆ. ಎಡಗಡೆ ವಚನ, ಬಲಗಡೆ ಖಾಲಿ ಚೌಕ. ಚೌಕದಲ್ಲಿ ಯಾರು ಬೇಕಾದರೂ ಟಿಪ್ಪಣಿ ಬರೆಯಬಹುದು, ಎಲ್ಲವನ್ನೂ ಸೇರಿಸಿ ಪುಸ್ತಕದ ಹಾಗೆ ಕಟ್ಟಿ ಬೇರೆಯವರಿಗೆ ಹಂಚಬಹುದು. ಬಟ್ಟೆ ಕಂಡರೆ ಕತ್ತರಿ ಹುಡುಕುವವಳು ಖಾಲಿ ಚೌಕ ಕಂಡು ಸುಮ್ಮನಿರುತ್ತಾಳೆಯೆ? ಊಟದ ಬಿಡುವಿನಲ್ಲಿ ಒಂದೇ ಬೆರಳಿನಲ್ಲಿ ಕುಟ್ಟತೊಡಗಿದಳು. ಯಾಜಕನ ನಿಲುವಂಗಿಯ ಕೊರಳು ಹರಿಯದಂತೆ ಸುತ್ತಲೂ ಪಟ್ಟಿ ಇರಬೇಕೆಂಬ ವಚನದ ಪಕ್ಕ, "ಇದನ್ನು ಹೇಳಿದವನಿಗೆ ಹೊಲಿಗೆ ಗೊತ್ತು" ಎಂದು ದೇವರ ಬೆನ್ನನ್ನೇ ತಟ್ಟಿದಳು. ಹಳೆ ಬಟ್ಟೆಗೆ ಹೊಸ ತೇಪೆ ಹಾಕಬಾರದೆಂಬಲ್ಲಿ, "ತೇಪೆಯನ್ನು ಮೊದಲು ನೆನೆಸಿ ಒಣಗಿಸಿದರೆ ಹಾಕಬಹುದು" ಎಂದು ತಿದ್ದುಪಡಿಯನ್ನೂ ತಂದಳು.

ಆ ಅಂಗಡಿಗೊಂದು ಕಟ್ಟಳೆ ಇತ್ತು. ಕಚ್ಚಾ ಹೊಲಿಗೆ ಹಾಕಿ ಅಕ್ಕನಿಗೆ ತೋರಿಸದೆ ಯಾವ ಬಟ್ಟೆಯನ್ನೂ ಪಕ್ಕಾ ಮಾಡುವಂತಿಲ್ಲ. ಅಕ್ಕ ಹೊಲಿಗೆಯ ಮೇಲೆ ಉಗುರೆಳೆದು ನೋಡಿ "ಹೂಂ" ಅಂದ ಮೇಲೇ ಮೆಷಿನ್ನು ಓಡಬೇಕು. ಟಿಪ್ಪಣಿಗಳನ್ನು ಮಾತ್ರ ಚಿಕ್ಕಮ್ಮ ತೋರಿಸಲಿಲ್ಲ. ತೋರಿಸಿದರೆ ಅರ್ಧಕ್ಕರ್ಧ ಬಿಚ್ಚಿಸುತ್ತಾಳೆಂಬ ಭಯ. ಅಕ್ಕ ಗುಂಡಿ ತರಲು ಹೋದ ಹೊತ್ತು ನೋಡಿ, 'ಎಲ್ಲರಿಗೂ' ಎಂದಿದ್ದ ಕಡೆ ಒತ್ತಿ ಹಂಚಿಯೇಬಿಟ್ಟಳು.

ಭಾನುವಾರ ಪಾದ್ರಿ ಅದನ್ನು ಪರದೆಯ ಮೇಲೆ ತೋರಿಸಿ ಓದಿದರು. ತೇಪೆಗೆ ಸಭೆ ನಕ್ಕಿತು. ಚಿಕ್ಕಮ್ಮನ ಕತ್ತು ಒಂದು ಗೇಣು ಉದ್ದವಾಯಿತು. ಆಮೇಲೆ, ದೇವಾಲಯದಲ್ಲಿ ಬಿಟ್ಟ ಮಗನಿಗೆ ವರ್ಷಕ್ಕೊಂದು ಪುಟ್ಟ ಅಂಗಿ ಹೊಲಿದು ಒಯ್ಯುತ್ತಿದ್ದ ತಾಯಿಯ ವಚನ ಬಂತು. ಪಕ್ಕದಲ್ಲಿ ಹೀಗಿತ್ತು: "ಈ ತಾಯಿ ಯಾರ ಕೈಲಾದರೂ ಅಳತೆ ತರಿಸಿರಬೇಕು. ಅಂದಾಜಿನಲ್ಲಿ ಹೊಲಿದರೆ ಏನಾಗುತ್ತದೆಂದು ನನ್ನನ್ನು ಕೇಳಿ. ನಾನು ಹಾಸ್ಟೆಲಿನಲ್ಲಿದ್ದಾಗ ಅಕ್ಕ ಹೊಲಿದು ಕಳಿಸುತ್ತಿದ್ದ ಫ್ರಾಕಿನೊಳಗೆ ಇನ್ನೊಬ್ಬಳನ್ನು ಬಾಡಿಗೆಗೆ ಇಟ್ಟುಕೊಳ್ಳಬಹುದಿತ್ತು."

ಸಭೆ ಬಿದ್ದು ಬಿದ್ದು ನಕ್ಕಿತು. ಅಕ್ಕ ಕೈಚೀಲ ಎತ್ತಿಕೊಂಡು, ಕೊನೆಯ ಹಾಡಿಗೂ ನಿಲ್ಲದೆ ಹೊರಟುಹೋದಳು.

ಸೋಮವಾರ ಅಕ್ಕನ ಮೆಷಿನ್ನಿನ ಹೊದಿಕೆ ತೆಗೆಯುವವರಿರಲಿಲ್ಲ. ಮಂಗಳವಾರವೂ ಇಲ್ಲ. ಚಿಕ್ಕಮ್ಮ ಕಚ್ಚಾ ಹಾಕಿದ ಅಂಗಿಯನ್ನು ಅಭ್ಯಾಸಬಲದಿಂದ ಎತ್ತಿ ಹಿಡಿದಳು. ಗೋಡೆ "ಹೂಂ" ಅನ್ನಲಿಲ್ಲ. ಅಕ್ಕ ಇನ್ನು ಬರುವುದೇ ಇಲ್ಲವೇನೋ ಎಂಬ ದಿಗಿಲಿನಲ್ಲಿ ಎಡತೋಳನ್ನು ಬಲಕ್ಕೆ ಹೊಲಿದಳು. ಸಂಜೆ ಅಂಗಡಿ ಮುಚ್ಚಿ ಅಕ್ಕನ ಮನೆಯ ಮೆಟ್ಟಿಲು ಹತ್ತಿದಳು.

"ತಮಾಷೆಗೆ ಬರೆದೆ ಕಣಕ್ಕಾ."

"ತಮಾಷೆ ಚೆನ್ನಾಗೇ ಇತ್ತು. ಕಚ್ಚಾ ಹಾಕಿ ನನಗೆ ತೋರಿಸದೆ ಊರಿಗೆಲ್ಲ ತೊಡಿಸಿದೆಯಲ್ಲ, ಅದು ಹೇಳು."

"ತೋರಿಸಿದ್ರೆ ನೀನು ಬಿಚ್ಚಿಸ್ತಿದ್ದೆ."

"ಬಿಚ್ಚಿಸ್ತಿದ್ದೆ!" ಅಕ್ಕ ಒಣಗಿದ ಬಟ್ಟೆ ಮಡಚುತ್ತಲೇ ಇದ್ದಳು. "ಅಳತೆ ಯಾರ ಕೈಲಿ ತರಿಸಲಿ? ನಿನ್ನ ಮುಖ ಕಾಣ್ತಿದ್ದದ್ದು ವರ್ಷಕ್ಕೊಂದು ಸಲ. ಎಷ್ಟು ಬೆಳೆದಿರ್ತೀಯೋ ಏನೋ. ಬಿಗಿಯಾದ್ರೆ ಅಲ್ಲಿ ಯಾರಿಗೆ ಹೇಳ್ಕೋತಿದ್ದೆ? ಅದಕ್ಕೇ ಸಡಿಲವಾಗಿ ಹೊಲಿದು, ಒಳಗೂ ಬಟ್ಟೆ ಮಡಚಿ ಬಿಟ್ಟೆ. ದರ್ಜಿಯಂತೆ ದರ್ಜಿ! ಒಂದಿನವಾದ್ರೂ ಅಂಚು ಬಿಚ್ಚಿ ನೋಡಿದ್ಯಾ?"



ಮರುದಿನ ಚಿಕ್ಕಮ್ಮ ಹಂಚಿದ್ದನ್ನು ವಾಪಸ್ ತೆಗೆದು, ಆ ತಾಯಿಯ ವಚನದ ಪಕ್ಕದ ಚೌಕವನ್ನು ಅಳಿಸಿ ಬರೆದಳು. ಈ ಸಲ 'ಎಲ್ಲರಿಗೂ' ಬಿಟ್ಟು 'ಒಬ್ಬರಿಗೆ' ಎಂಬುದನ್ನು ಒತ್ತಿ ಅಕ್ಕನ ಫೋನಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಅಕ್ಕನೇ ಬಾಗಿಲಲ್ಲಿ ನಿಂತಿದ್ದಳು. "ಇರುವೆ ಸಾಲಿನ ಹಾಗೆ ಕಾಣತ್ತೆ. ದೊಡ್ಡದರಲ್ಲಿ ತೋರಿಸು."

ಕಂಪ್ಯೂಟರಿನ ಮುಂದೆ ಕೂತು, ಪ್ರತಿ ಸಾಲಿನ ಕೆಳಗೂ ಉಗುರೆಳೆಯುತ್ತ ಓದಿದಳು: "ಈ ತಾಯಿ ಅಳತೆ ತರಿಸಲಿಲ್ಲ. ಬೆಳೆಯುವವನಿಗೆ ಜಾಗ ಬಿಟ್ಟು ಹೊಲಿದಳು. ಇದು ಅಕ್ಕ ಹೇಳಿದ್ದು."

ಉಗುರು ಮತ್ತೆ ಮೇಲಿನ ಸಾಲಿಗೆ ಹೋಯಿತು.

"ಬಾಡಿಗೆಯವಳು ಎಲ್ಲಿ ಹೋದಳು?"

"ತೆಗೆದೆ."

"ಯಾಕೆ ತೆಗೆದೆ? ಜನ ನಕ್ಕಿದ್ದೇ ಅಲ್ಲಿ. ಮೇಲೆ ಅದಿರಲಿ, ಕೆಳಗೆ ನನ್ನದಿರಲಿ. ಮತ್ತೆ ಆ ಅಂಜೂರದ ಎಲೆಗೆ ಬಳ್ಳಿಯ ನಾರು ಹಾಕಿರ್ತಾರೆ ಅಂತ ಬರಿ. ಇಷ್ಟು ವರ್ಷ ತಲೆ ತಿಂದೆ."

ಚಿಕ್ಕಮ್ಮ ಎರಡನ್ನೂ ಬರೆದಳು. ಬೆರಳು 'ಎಲ್ಲರಿಗೂ' ಎಂಬುದರ ಹತ್ತಿರ ಹೋಗಿ ನಿಂತಿತು. ತಿರುಗಿ ನೋಡಿದಳು. ಅಕ್ಕ ತನ್ನ ಮೆಷಿನ್ನಿನ ಹೊದಿಕೆ ತೆಗೆದು, ತಿರುವುಮುರುವಾದ ತೋಳನ್ನು ಬಿಚ್ಚುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಹೂಂ" ಅಂದಳು.